ಓದುಗರ ಪ್ರಶ್ನೆಗಳಿಗೆ ಉತ್ತರ: ಮೀನಂಗಾಡಿಯ ಲೆಕ್ಕ ಮತ್ತು ನಮ್ಮ ಊರುಗಳು

ಕೇರಳದ ವಯನಾಡು ಜಿಲ್ಲೆಯ ಮೀನಂಗಾಡಿ ಪಂಚಾಯಿತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಊರು ಗಾಳಿಗೆ ಬಿಡುವಷ್ಟು ಇಂಗಾಲವನ್ನು ಊರಿನ ಮರ ಮತ್ತು ಮಣ್ಣೇ ಹೀರಿಕೊಳ್ಳುವಂತೆ ಮಾಡುತ್ತೇವೆಂದು ಆ ಪಂಚಾಯಿತಿ 2016ರ ಜೂನ್ 5ರಂದು ಸಂಕಲ್ಪ ಮಾಡಿತೆಂದು ಅದರಲ್ಲಿ ಬರೆದಿದ್ದೆವು. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಂಡ್ಲುಪೇಟೆ, ನಂಜನಗೂಡು, ಎಚ್.ಡಿ. ಕೋಟೆ, ಚಾಮರಾಜನಗರದ ಕಡೆಯವು. ಇದು ಸಹಜವೇ ಆಗಿದೆ. ವಯನಾಡಿನ ಬೆಟ್ಟಗಳ ಮೇಲೆ ಬಿದ್ದ ಮಳೆಯೇ ಕಬಿನಿಯಾಗಿ ಬೀಚನಹಳ್ಳಿಯ ಅಣೆಕಟ್ಟೆಗೆ ಬಂದು, ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ನೀರನ್ನು ಎತ್ತಿ ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಕೆರೆಗಳನ್ನು ತುಂಬಿಸಲಾಗುತ್ತಿದೆ. ಹೀಗಾಗಿ ಅಲ್ಲಿನ ಮಳೆಯ ಮಾತು ಇಲ್ಲಿನ ಮನೆಮಾತೂ ಹೌದು.

ಪ್ರಶ್ನೆ: ಮೀನಂಗಾಡಿಯಲ್ಲಿ ನಿಜವಾಗಿ ನಡೆದದ್ದೇನು? ಟಿಪ್ಪಣಿಯನ್ನು ಶಾಲೆಯಲ್ಲಿ ಓದಿ ಹೇಳಿದಾಗ ಸಹೋದ್ಯೋಗಿಗಳು "ಅದು ಕೇರಳ, ಅಲ್ಲಿ ಆಗುತ್ತದೆ, ಇಲ್ಲಿ ಆಗುವುದಿಲ್ಲ" ಎಂದರು. ನಮ್ಮ ಪುರಸಭೆಯಿಂದ ಇಂಥದ್ದು ಸಾಧ್ಯವೇ? (ಪ್ರೌಢಶಾಲಾ ಶಿಕ್ಷಕಿ, ಗುಂಡ್ಲುಪೇಟೆ)

ಉತ್ತರ: ನಿಮ್ಮ ಊರಿನಿಂದ ಬಂಡೀಪುರದ ಕಾಡು ದಾಟಿ, ಮುತ್ತಂಗ, ಸುಲ್ತಾನ್ ಬತ್ತೇರಿ ಕಳೆದ ಮೇಲೆ ಅದೇ ಹೆದ್ದಾರಿಯ ಮೇಲೆ ಮೀನಂಗಾಡಿ ಸಿಗುತ್ತದೆ. ದಾಖಲೆಯಲ್ಲಿ ಅದು ಗ್ರಾಮ ಪಂಚಾಯಿತಿ. ಆದರೆ ಅದರ ಜನಸಂಖ್ಯೆ 33 ಸಾವಿರದಷ್ಟಿದೆ. ನಮ್ಮಲ್ಲಿ 20 ಸಾವಿರದಿಂದ 50 ಸಾವಿರ ಜನರಿರುವ ಊರಿಗೆ ಪುರಸಭೆ ಇರುತ್ತದೆಯಾದ್ದರಿಂದ, ಅದನ್ನು ನಮ್ಮ ಗ್ರಾಮ ಪಂಚಾಯಿತಿಗಳೊಂದಿಗಲ್ಲ, ನಿಮ್ಮ ಪುರಸಭೆಯಂಥ ಸಂಸ್ಥೆಯೊಂದಿಗೆ ಹೋಲಿಸುವುದು ಸರಿ. ಪೇಟೆಯ ಸುತ್ತ ಕಾಫಿ, ಮೆಣಸು, ಅಡಿಕೆ ತೋಟಗಳು, ಗದ್ದೆಗಳು, ಆದಿವಾಸಿ ಕಾಲೊನಿಗಳು ಇವೆ.

ಅಲ್ಲಿ ಮೊದಲು ನಡೆದದ್ದು ಲೆಕ್ಕ. ಹವಾಮಾನ ಬದಲಾವಣೆಯನ್ನು ತಡೆಯಲು ದೇಶಗಳೆಲ್ಲ ಸೇರಿ ಮಾಡಿಕೊಂಡ ಪ್ಯಾರಿಸ್ ಒಪ್ಪಂದವಾದ ಕೆಲವೇ ತಿಂಗಳಿಗೆ, ಆಗ ಕೇರಳದ ಹಣಕಾಸು ಸಚಿವರಾಗಿದ್ದ ಥಾಮಸ್ ಐಸಾಕ್ ಅವರ ಬೆಂಬಲದೊಂದಿಗೆ, 'ತಣಲ್' ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಕೆಲವು ಸಂಶೋಧನಾ ಸಂಸ್ಥೆಗಳು ಪಂಚಾಯಿತಿಯ ಜೊತೆ ನಿಂತವು. ಮನೆಗಳಲ್ಲಿ ಉರಿಯುವ ವಿದ್ಯುತ್ತು ಮತ್ತು ಅಡುಗೆ ಅನಿಲ, ಓಡುವ ವಾಹನಗಳು, ಸಾಕುವ ದನಕರುಗಳು, ಗದ್ದೆಗೆ ಹಾಕುವ ಗೊಬ್ಬರ, ಕೊಳೆಯುವ ಕಸ ಇವೆಲ್ಲದರಿಂದ ವರ್ಷಕ್ಕೆ ಸುಮಾರು 33 ಸಾವಿರ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ, ಊರಿನ ಮರ ಮತ್ತು ಮಣ್ಣು ಹೀರಿಕೊಳ್ಳುವುದು ಸುಮಾರು 22 ಸಾವಿರ ಟನ್ ಎಂದು ತಿಳಿಯಿತು. ಉಳಿದ 11 ಸಾವಿರ ಟನ್ನೇ ಆ ಊರಿನ ಬಾಕಿ. "ಪರಿಸರ ಉಳಿಸೋಣ" ಎಂಬ ಮಾತಿಗೆ ಯಾರೂ ಉತ್ತರ ಹೇಳಬೇಕಾಗಿ ಬರುವುದಿಲ್ಲ. ಹನ್ನೊಂದು ಸಾವಿರ ಟನ್ ಎಂದ ಕೂಡಲೇ ಯಾರು ಎಷ್ಟು ಇಳಿಸಬೇಕು, ಯಾವ ವರ್ಷದೊಳಗೆ ಎಂಬ ಪ್ರಶ್ನೆಗಳು ಏಳುತ್ತವೆ, ಸದಸ್ಯರು ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಮೀನಂಗಾಡಿಯಿಂದ ಕಲಿಯಬೇಕಾದ ಮುಖ್ಯ ಪಾಠ ಇದೇ ಎಂದು ನಾನು ತಿಳಿದಿದ್ದೇನೆ.

ಆ ಲೆಕ್ಕದ ಬೆನ್ನಿಗೆ ಗಿಡ ನೆಡುವುದು, ಹೊಳೆಯ ದಂಡೆಗೆ ಬಿದಿರು ಹಾಕುವುದು, ಕೊಳಗಳನ್ನು ತೋಡುವುದು, ಎಲ್‌ಇಡಿ ದೀಪಗಳಿಗೆ ಬದಲಾಗುವುದು ಮುಂತಾದ ಕೆಲಸಗಳು ಸಾಗಿದವು. ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. 2020ರ ಹೊತ್ತಿಗೆ ಬಾಕಿಯನ್ನು ತೀರಿಸಬೇಕೆಂಬ ಗುರಿಯಿತ್ತು, ಅದು ಆ ವರ್ಷಕ್ಕೆ ಮುಗಿಯಲಿಲ್ಲ. ಹಾಗೆಂದು ಅದನ್ನು ಸೋಲೆಂದು ಕರೆಯಲಾರೆ. ಲೆಕ್ಕವಿರುವುದರಿಂದಲೇ ಮುಗಿದಿಲ್ಲವೆಂಬುದು ಗೊತ್ತಾಗಿದೆ.

ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲೂ ಒಂದು ಸತ್ಯವಿದೆ. 1996ರಲ್ಲಿ ಆರಂಭವಾದ ಜನಯೋಜನಾ ಆಂದೋಲನದ ಕಾಲದಿಂದ ಕೇರಳ ತನ್ನ ಯೋಜನಾ ವೆಚ್ಚದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಟ್ಟಿತು. ತಮ್ಮ ಊರಿಗೇನು ಬೇಕೆಂದು ಸಭೆ ಸೇರಿ ತೀರ್ಮಾನಿಸುವ ಅಭ್ಯಾಸ ಅಲ್ಲಿ ಬೆಳೆದದ್ದು ಹಾಗೆ. ನಮ್ಮ ಪುರಸಭೆಗಳಿಗೆ ಬರುವ ಹಣದಲ್ಲಿ ಹೆಚ್ಚಿನದಕ್ಕೆ ಮೊದಲೇ ಹಣೆಪಟ್ಟಿ ಅಂಟಿರುತ್ತದೆ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆ, ನೈರ್ಮಲ್ಯಗಳಿಗೆಂದೇ ಕಟ್ಟಿಡಲಾಗಿತ್ತು, ಮತ್ತು ಇವೆಲ್ಲವೂ ಹವಾಮಾನ ಬದಲಾವಣೆಗೆ ಊರು ಸಿದ್ಧವಾಗುವ ಕೆಲಸಗಳೇ. ಪುರಸಭೆಗಳು ವರ್ಷಕ್ಕೊಮ್ಮೆ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತವೆ. ಅಲ್ಲಿಗೆ ನೀವು ಮತ್ತು ನಿಮ್ಮ ಸಹೋದ್ಯೋಗಿಗಳು ಒಂದೇ ಒಂದು ಲಿಖಿತ ಬೇಡಿಕೆಯನ್ನು ಒಯ್ಯಿರಿ: ಪುರಸಭೆ ನೀರೆತ್ತುವ ಪಂಪುಗಳಿಗೂ ಬೀದಿದೀಪಗಳಿಗೂ ಕಳೆದ ಮೂರು ವರ್ಷ ಕಟ್ಟಿದ ವಿದ್ಯುತ್ ಬಿಲ್ಲನ್ನು ತಿಂಗಳುವಾರು ಪ್ರಕಟಿಸಲಿ. ಯಾವುದೇ ಪುರಸಭೆಯ ವಿದ್ಯುತ್ ಖರ್ಚಿನ ಸಿಂಹಪಾಲು ಇವೆರಡರದ್ದೇ ಆಗಿರುವುದರಿಂದ, ಸೋರುವ ಪೈಪು, ಹಳೆಯ ಮೋಟಾರು, ಹಗಲಲ್ಲೂ ಉರಿಯುವ ದೀಪ ಎಲ್ಲವೂ ಆ ಹಾಳೆಯ ಮೇಲೆ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ನಿಮ್ಮ ಊರಿನ ಲೆಕ್ಕದ ಪುಸ್ತಕಕ್ಕೆ ಅದೇ ಮೊದಲ ಪುಟವಾಗಲಿ.

ಪ್ರಶ್ನೆ: ಹೊಗೆ ಉಗುಳುವುದು ಅಮೆರಿಕ, ಚೀನಾ. ನಮ್ಮಂಥ ಊರಿನಿಂದ ಏನು ಹಾಳಾಗಿದೆಯೆಂದು ನಾವು ಸರಿಪಡಿಸಬೇಕು? (ವರ್ತಕರು, ಚಾಮರಾಜನಗರ)

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಮೀನಂಗಾಡಿಯ ಲೆಕ್ಕವನ್ನೇ ತಲೆಗೆ ಹಂಚಿದರೆ ಒಬ್ಬರಿಗೆ ವರ್ಷಕ್ಕೆ ಒಂದು ಟನ್ ಬರುತ್ತದೆ. ಭಾರತದ ಸರಾಸರಿ ಇಂಗಾಲದ ಡೈಆಕ್ಸೈಡ್ ಸುಮಾರು ಎರಡು ಟನ್, ಅಮೆರಿಕದ್ದು ಹದಿನಾಲ್ಕು ಟನ್ನಿನ ಆಸುಪಾಸು. ಮಾಡಿದವರೇ ಹೆಚ್ಚು ತೆರಬೇಕೆಂದು ನಮ್ಮ ದೇಶ ಅಂತಾರಾಷ್ಟ್ರೀಯ ಸಭೆಗಳಲ್ಲಿ ಹೇಳುತ್ತಿರುವುದು ಸರಿ, ಅದನ್ನು ಗಟ್ಟಿಯಾಗಿಯೇ ಹೇಳಬೇಕು.

ಆದರೆ 2023ರ ಬರವನ್ನು ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮಳೆ ಕಡಿಮೆಯಾದದ್ದು ಊರಿನ ತಪ್ಪಲ್ಲ. ಬಂದ ಮಳೆ ನಿಲ್ಲಲು ಕೆರೆಯಲ್ಲಿ ಜಾಗ ಇಲ್ಲದಿದ್ದದ್ದು, ಕೆರೆಗೆ ನೀರು ತರುವ ಕಾಲುವೆಯ ಮೇಲೆ ಮಳಿಗೆ ಎದ್ದದ್ದು, ಬಾವಿ ಮುಚ್ಚಿ ಕೊಳವೆಬಾವಿಯನ್ನು ಇನ್ನೂ ನೂರಡಿ ಇಳಿಸಿದ್ದು ಊರಿನದ್ದೇ ಕೆಲಸ. ಅಮೆರಿಕ ನಾಳೆಯೇ ಹೊಗೆ ನಿಲ್ಲಿಸಿದರೂ ಆ ಕಾಲುವೆ ತಾನಾಗಿ ತೆರೆದುಕೊಳ್ಳುವುದಿಲ್ಲ. ಎಲ್ಲಿ ಕಾಲುವೆಯಿತ್ತು ಎಂಬುದು ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿದೆ. ಹಳ್ಳ, ಕಾಲುವೆ, ದಾರಿಗಳ ಜಮೀನು ಸರ್ವೆ ದಾಖಲೆಯಾದ ಆಕಾರ್‌ಬಂದ್‌ನಲ್ಲಿ 'ಬಿ ಖರಾಬು', ಅಂದರೆ ಸಾರ್ವಜನಿಕ ಬಳಕೆಯ ಜಮೀನು, ಎಂದು ನಮೂದಾಗಿರುತ್ತದೆ, ನಿಂತ ಜಾಗದ ಸರ್ವೆ ನಂಬರನ್ನು 'ದಿಶಾಂಕ್' ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ವರ್ತಕರಾದ ನಿಮಗೆ ಊರಿನ ಮಳಿಗೆಗಳ ಸಾಲು ಚೆನ್ನಾಗಿ ಗೊತ್ತಿರುತ್ತದೆ. ನಕ್ಷೆ ಹಿಡಿದು ಒಂದು ಭಾನುವಾರ ಆ ಸಾಲಿನಲ್ಲಿ ನಡೆಯಿರಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ನಮ್ಮ ಬೀದಿಯಲ್ಲಿ ನಲವತ್ತು ಮನೆಗಳಿವೆ. ಮೀನಂಗಾಡಿಯವರು ಮಾಡಿದಂತೆ ನಮ್ಮ ಬೀದಿಯ ಇಂಗಾಲದ ಲೆಕ್ಕವನ್ನು ನಾವು ಗೆಳೆಯರೇ ಮಾಡಬಹುದೇ? (ಎಚ್.ಡಿ. ಕೋಟೆ)

ಉತ್ತರ: ಖಂಡಿತ ಮಾಡಬಹುದು. ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಮನೆಮನೆಯ ಮೂರು ತಿಂಗಳ ವಿದ್ಯುತ್ ಬಿಲ್ಲು ಇದ್ದರೆ ಆರಂಭಕ್ಕೆ ಸಾಕು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಆದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಉರಿಸಿದ ಎಣ್ಣೆಗಿಂತ ಹೊಗೆಯ ತೂಕ ಹೆಚ್ಚಾಗುವುದು ಹೇಗೆಂದು ಮನೆಯವರು ಕೇಳಿಯೇ ಕೇಳುತ್ತಾರೆ. ಎಣ್ಣೆಯಲ್ಲಿರುವ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಏರುತ್ತದೆ ಎಂದು ವಿವರಿಸಿರಿ. ಅಡುಗೆ ಅನಿಲ ಕಿಲೋಗೆ ಹತ್ತಿರಹತ್ತಿರ 3 ಕಿಲೋ, ಅಂದರೆ 14.2 ಕಿಲೋ ಸಿಲಿಂಡರಿಗೆ ಸುಮಾರು 42 ಕಿಲೋ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಾದ್ದರಿಂದ ಯೂನಿಟ್ಟಿಗೆ ಸುಮಾರು 0.7 ಕಿಲೋ ಹಿಡಿಯಬೇಕು.

ಒಂದು ಮನೆಯನ್ನು ಹತ್ತಿರದಿಂದ ನೋಡೋಣ. ನಾಲ್ಕು ಜನ, ಒಂದು ಬೈಕು, ತಿಂಗಳಿಗೆ 20 ಲೀಟರ್ ಪೆಟ್ರೋಲ್, ಒಂದು ಸಿಲಿಂಡರ್, 60 ಯೂನಿಟ್ ವಿದ್ಯುತ್ತು ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ 46, ಅನಿಲಕ್ಕೆ 42, ವಿದ್ಯುತ್ತಿಗೆ 42, ಒಟ್ಟು 130 ಕಿಲೋ. ವರ್ಷಕ್ಕೆ ಒಂದೂವರೆ ಟನ್ನಿಗೆ ತುಸು ಹೆಚ್ಚು. ಮನೆಯಲ್ಲಿ ಹಗಲಿಡೀ ಉರಿಯುವ ದೀಪಕ್ಕಿಂತ ಬಾಗಿಲ ಬಳಿ ನಿಂತಿರುವ ಬೈಕಿನ ಪಾಲು ದೊಡ್ಡದೆಂದು ಈ ಸಣ್ಣ ಲೆಕ್ಕವೇ ತೋರಿಸುತ್ತದೆ. ಮನೆಯವರ ಮುಂದೆಯೇ ಕೂಡಿಸಿ ತೋರಿಸಿರಿ, ಅಂಕಿ ಅವರ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಮರಗಳು. ಪ್ರತಿ ಮರದ ಕಾಂಡದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆದು, ಜಾತಿ ಮತ್ತು ಅಂದಾಜು ಎತ್ತರದೊಂದಿಗೆ ಬರೆದಿಡಬೇಕು. ಒಂದು ಬೆಳೆದ ಮರ ವರ್ಷಕ್ಕೆ ಸ್ಥೂಲವಾಗಿ 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆಂದು ಹೇಳುವ ರೂಢಿಯಿದೆ, ಜಾತಿ, ವಯಸ್ಸು, ನೀರು ಇವುಗಳಿಗೆ ತಕ್ಕಂತೆ ಇದು ಬಹಳ ಬದಲಾಗುತ್ತದೆ. ಆ ಅಂದಾಜನ್ನೇ ಹಿಡಿದರೂ ಮೇಲಿನ ಒಂದು ಮನೆಗೆ ಎಪ್ಪತ್ತೆಂಟು ಬೆಳೆದ ಮರಗಳು ಬೇಕು, ನಿಮ್ಮ ಬೀದಿಗೆ ಮೂರು ಸಾವಿರಕ್ಕೂ ಹೆಚ್ಚು. ಅಷ್ಟು ಮರಕ್ಕೆ ಬೀದಿಯಲ್ಲಿ ಜಾಗವಿಲ್ಲ. ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆಂಬ ಮಾತನ್ನು ನಾವು ಹಗುರವಾಗಿ ಆಡಬಾರದೆನ್ನಲು ಇದೇ ಕಾರಣ. ಮೊದಲು ಉರಿಸುವುದು ಇಳಿಯಬೇಕು.

ಇಳಿಸುವ ಉಪಾಯಗಳಲ್ಲಿ ಸೌರ ಫಲಕದ ಬಗ್ಗೆ ನೀವು ಪತ್ರದ ಕೊನೆಗೆ ಕೇಳಿದ್ದೀರಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಗೃಹಜ್ಯೋತಿಯಿಂದಾಗಿ ಸೊನ್ನೆ ಬಿಲ್ಲು ಬರುವ ಮನೆಯವರು ಕೈಯಿಂದ ಹಣ ಹಾಕಿ ಫಲಕ ಕೂರಿಸಲು ಮುಂದೆ ಬರುವುದು ಕಷ್ಟ. ಅವರನ್ನು ದೂರುವುದು ಸರಿಯಲ್ಲ, ಗೃಹಜ್ಯೋತಿ ಬಡ ಮನೆಗೆ ನಿಜವಾದ ಆಸರೆಯಾಗಿದೆ. ಆದ್ದರಿಂದ ನಮ್ಮ ಚಿಕ್ಕ ಊರುಗಳಲ್ಲಿ ಫಲಕ ಮೊದಲು ಏರಬೇಕಾದದ್ದು ಬಿಲ್ಲು ಕಟ್ಟುವ ಕಡೆ, ಅಂದರೆ ಪಂಪ್‌ಹೌಸ್, ಕಾಲೇಜು, ಎಪಿಎಂಸಿ ಪ್ರಾಂಗಣ, ಕಲ್ಯಾಣ ಮಂಟಪಗಳ ಮೇಲೆ. ಒಂದು ಕಿಲೋವಾಟ್ ಫಲಕ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ಅದು ಒಂದು ಟನ್ನಿನ ಲೆಕ್ಕ.

ಪ್ರಶ್ನೆ: ಮೀನಂಗಾಡಿಯಲ್ಲಿ ಮರವನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯುತ್ತಾರಂತೆ. ನನ್ನ ಹೊಲದ ಬದುವಿನಲ್ಲಿ ತೇಗ, ಸಿಲ್ವರ್ ಓಕ್, ಹಲಸು ಸೇರಿ ನೂರಕ್ಕೂ ಹೆಚ್ಚು ಮರಗಳಿವೆ. ನಮಗೂ ಹಣ ಸಿಗುತ್ತದೆಯೇ? ಕಾರ್ಬನ್ ಹಣ ಕೊಡಿಸುತ್ತೇವೆಂದು ಒಬ್ಬರು ಬಂದು ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. (ರೈತರು, ಹನೂರು ತಾಲ್ಲೂಕು)

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರ: ಸಹಿ ಹಾಕಬೇಡಿ. ಕಾಗದ ಕನ್ನಡದಲ್ಲಿದೆಯೇ, ಎಷ್ಟು ವರ್ಷದ ಕರಾರು, ಆ ಅವಧಿಯಲ್ಲಿ ಮರ ಕಡಿಯುವ ಅಥವಾ ಜಮೀನು ಮಾರುವ ಹಕ್ಕು ನಿಮಗೆ ಉಳಿಯುತ್ತದೆಯೇ, ಬಂದ ಹಣದಲ್ಲಿ ನಿಮ್ಮ ಪಾಲೆಷ್ಟು, ಮರ ಸತ್ತರೆ ಹೊಣೆ ಯಾರದು, ಈ ಐದೂ ಸ್ಪಷ್ಟವಾಗಿ ಬರವಣಿಗೆಯಲ್ಲಿ ಇರುವವರೆಗೆ, ಮತ್ತು ನಿಮಗೆ ನಂಬಿಕೆಯಿರುವ ವಕೀಲರೊಬ್ಬರು ಅದನ್ನು ಓದುವವರೆಗೆ ಸಹಿಯ ಮಾತೇ ಬೇಡ. ಮರ ಹೀರಿದ ಇಂಗಾಲದ ಲೆಕ್ಕವನ್ನು ಕಂಪನಿಗಳಿಗೆ ಮಾರುವ ಇಂಗಾಲದ ಮಾರುಕಟ್ಟೆ ಇರುವುದು ನಿಜ. ಆದರೆ ನೂರು ಮರದ ಒಬ್ಬ ರೈತರಿಗೆ ಅಳತೆ, ದೃಢೀಕರಣದ ಖರ್ಚು ಕಳೆದು ಉಳಿಯುವುದು ಬಹಳ ಕಡಿಮೆ.

ಮೀನಂಗಾಡಿಯ 'ಮರದ ಬ್ಯಾಂಕು' ಬೇರೆಯದೇ ಬಗೆಯದು. ಕೇರಳ ಸರ್ಕಾರ ಹತ್ತು ಕೋಟಿ ರೂಪಾಯಿಯ ನಿಧಿ ಕೊಟ್ಟು, ಅಲ್ಲಿನ ಸೇವಾ ಸಹಕಾರಿ ಬ್ಯಾಂಕಿನ ಮೂಲಕ ರೈತರಿಗೆ ಒಂದು ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲ ಕೊಡುವ ವ್ಯವಸ್ಥೆ ಮಾಡಿತು. ಮರ ಎಲ್ಲಿದೆಯೆಂಬುದು ಉಪಗ್ರಹದ ನೆರವಿನಿಂದ ದಾಖಲಾಗುತ್ತದೆ. ಮರ ಕಡಿದರೆ ಸಾಲ ತೀರಿಸಬೇಕು, ಕಡಿಯದಿದ್ದರೆ ತೀರಿಸಬೇಕಾಗಿಲ್ಲ. ನಿಮ್ಮ ನೂರು ಮರಕ್ಕೆ ವರ್ಷಕ್ಕೆ ಐದು ಸಾವಿರವಾಯಿತು. ತೇಗದ ಮಾರುಕಟ್ಟೆ ಬೆಲೆಯ ಮುಂದೆ ಇದು ಏನೂ ಅಲ್ಲ. ಆದರೆ ರೈತ ಮರ ಕಡಿಯುವುದು ಬಹಳ ಸಲ ಲಾಭ ನೋಡಿಯಲ್ಲ. ಶಾಲೆಯ ಫೀಸು ಕಟ್ಟುವ ಜೂನ್ ತಿಂಗಳಲ್ಲಿ, ಆಸ್ಪತ್ರೆಯ ಬಿಲ್ಲು ಬಂದ ದಿನ, ಮದುವೆ ಗೊತ್ತಾದ ವಾರ ಮರ ಬೀಳುತ್ತದೆ, ಅದೂ ವ್ಯಾಪಾರಿ ಹೇಳಿದ ಬೆಲೆಗೆ. ಆ ಹೊತ್ತಿಗೆ ಕೈಗೆ ಬರುವ ಐದು ಸಾವಿರ ಮರವನ್ನು ಇನ್ನೊಂದು ವರ್ಷ ನಿಲ್ಲಿಸಬಲ್ಲದು. ಈ ತಿಳಿವಳಿಕೆ ಆ ಯೋಜನೆಯಲ್ಲಿದೆ, ಅದಕ್ಕಾಗಿ ನಾನು ಅದನ್ನು ಗೌರವಿಸುತ್ತೇನೆ.

ನಮ್ಮಲ್ಲಿ ಅಂಥ ಬ್ಯಾಂಕಿಲ್ಲ. ಆದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿದೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ನೆಟ್ಟು ಉಳಿಸಿದರೆ, ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ ಕೊಡುವ ಯೋಜನೆ ಅದು. ಈಗಾಗಲೇ ಬೆಳೆದು ನಿಂತ ಮರಗಳಿಗೆ ಇದು ಅನ್ವಯಿಸುವುದಿಲ್ಲ, ಹೊಸದಾಗಿ ನೆಡುವುದಕ್ಕೆ ಮಾತ್ರ. ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಈಗಿನ ದರವನ್ನು ಕೇಳಿಕೊಂಡು, ಮಳೆಗಾಲಕ್ಕೆ ಮುಂಚೆಯೇ ಹೆಸರು ನೋಂದಾಯಿಸಿರಿ.

ಪ್ರಶ್ನೆ: ಮಳೆ ಬೀಳುವುದು ವಯನಾಡಿನಲ್ಲಿ, ನೀರು ನುಗ್ಗುವುದು ನಮ್ಮ ಊರಿಗೆ. ಇದಕ್ಕೆ ನಾವೇನು ಮಾಡಲು ಸಾಧ್ಯ? (ದೇವಸ್ಥಾನದ ಬಳಿಯ ಹೂವಿನ ವ್ಯಾಪಾರಿ, ನಂಜನಗೂಡು)

ಉತ್ತರ: ಕಪಿಲೆಯ, ಅಂದರೆ ಕಬಿನಿಯ, ದಂಡೆಯಲ್ಲಿ ಬದುಕುವವರಿಗೆ ಪ್ರವಾಹ ಹೊಸದಲ್ಲ. ಹದಿನಾರು ಕಾಲು ಮಂಟಪದ ಕಂಬಗಳಲ್ಲಿ ನೀರು ಎಷ್ಟು ಏರಿದೆ ಎಂಬುದನ್ನು ನೋಡಿಯೇ ಅಂಗಡಿ ಎತ್ತಬೇಕೇ ಬೇಡವೇ ಎಂದು ನಿಮ್ಮ ಹಿರಿಯರು ತೀರ್ಮಾನಿಸುತ್ತಿದ್ದರು. ಈಗ ಬದಲಾಗಿರುವುದು ನೀರು ಏರುವ ವೇಗ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಹಿಡಿದದ್ದನ್ನು ಒಮ್ಮೆಗೇ ಸುರಿಯಬಲ್ಲದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ ಮತ್ತು ಚೂರಲ್‌ಮಲ ಊರುಗಳನ್ನು ಗುಡ್ಡ ಕುಸಿದು ಕೊಚ್ಚಿಕೊಂಡು ಹೋಯಿತು. ಅಂದು ಒಂದೇ ದಿನದಲ್ಲಿ 140 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು, ಭೂಮಿ ಬಿಸಿಯಾಗಿರುವುದರಿಂದ ಆ ಮಳೆ ಶೇ 10ರಷ್ಟು ಹೆಚ್ಚು ಬಿರುಸಾಯಿತೆಂದು ವಿಜ್ಞಾನಿಗಳ ತಂಡವೊಂದು ಅಂದಾಜಿಸಿದೆ. ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ ಮಾತ್ರ. ಜುಲೈ ಹೊತ್ತಿಗೆ ತುಂಬಿ ನಿಂತಿರುವ ಆ ಜಲಾಶಯಕ್ಕೆ ಇಂಥ ಮಳೆ ಬಂದರೆ, ಬಂದಷ್ಟನ್ನೂ ಕೆಳಗೆ ಬಿಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆ ಮುಳುಗುವುದನ್ನು ನೀವು ಕಂಡಿದ್ದೀರಿ.

ಹಾಗಿದ್ದರೂ ಊರು ಮಾಡಬೇಕಾದ ಕೆಲಸಗಳಿವೆ. ಪ್ರವಾಹದಲ್ಲಿ ನೀರು ಊರೊಳಗೆ ಬರುವುದು ದಂಡೆ ದಾಟಿ ಮಾತ್ರವಲ್ಲ, ನದಿಗೆ ಸೇರುವ ಚರಂಡಿಗಳಲ್ಲಿ ಹಿಮ್ಮುಖವಾಗಿ ಹರಿದೂ ಬರುತ್ತದೆ. ಚರಂಡಿಯ ಬಾಯಿಗೆ ಒಂದೇ ಕಡೆ ತೆರೆಯುವ ಕದ ಕೂರಿಸಿದರೆ, ನದಿ ಏರಿದಾಗ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ದುಬಾರಿಯಲ್ಲ, ಆದರೆ ಅದಕ್ಕೆ ಪ್ಲಾಸ್ಟಿಕ್ಕು, ಹೂವಿನ ಹಾರ ಸಿಕ್ಕಿಕೊಳ್ಳದಂತೆ ಬೇಸಿಗೆಯಲ್ಲೇ ಹೂಳು ತೆಗೆಯಬೇಕು. ಎರಡನೆಯದಾಗಿ, 2019ರಲ್ಲಿ ಮತ್ತು 2024ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆ, ಮುಡಿಕಟ್ಟೆ, ಶಾಲೆಗಳ ಗೋಡೆಯ ಮೇಲೆ ಬಣ್ಣದ ಗೆರೆ ಎಳೆದು ಇಸವಿ ಬರೆಯಿಸಲು ನಗರಸಭೆಯ ಪೌರಾಯುಕ್ತರನ್ನು ಕೇಳಿರಿ. ಆ ಗೆರೆಯ ಕೆಳಗೆ ಹೊಸ ಮನೆಗೆ ಪರವಾನಗಿ ಕೊಡುವಾಗ ಅಧಿಕಾರಿಯ ಕೈ ಒಂದು ಕ್ಷಣವಾದರೂ ತಡೆಯುತ್ತದೆ. ಮೂರನೆಯದು ನಿಮಗೇ ಸಂಬಂಧಿಸಿದ್ದು. ಹೊರಹರಿವು ಎಷ್ಟು ಕ್ಯೂಸೆಕ್ ಆದರೆ ನಿಮ್ಮ ಸಾಲಿಗೆ ನೀರು ಬರುತ್ತದೆಂದು ವ್ಯಾಪಾರಿಗಳೆಲ್ಲ ಸೇರಿ ಹಿಂದಿನ ವರ್ಷಗಳ ಅನುಭವದಿಂದ ಗುರುತಿಸಿಕೊಳ್ಳಿ, ಅಣೆಕಟ್ಟೆಯಿಂದ ಅಷ್ಟು ನೀರು ಬಿಡುವ ಸೂಚನೆ ಬಂದೊಡನೆ ಸಾಮಾನು ಎತ್ತಲು ನಿಮಗೆ ಹಗಲು ಬೆಳಕಿನ ಕೆಲವು ಗಂಟೆಗಳಾದರೂ ಸಿಗುತ್ತವೆ.

ಪ್ರಶ್ನೆ: ನಮ್ಮ ಅಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಬೇಸಿಗೆಯಲ್ಲಿ ಕೊತ್ತಂಬರಿ ಕಟ್ಟಿನ ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತಾರೆ, ತಮ್ಮ ತಲೆಗೆ ಸೆರಗು ಮಾತ್ರ. ಈ ವರ್ಷ ಎರಡು ಸಲ ತಲೆಸುತ್ತಿ ಬಿದ್ದರು. ಇದಕ್ಕೆ ಪುರಸಭೆ ಏನಾದರೂ ಮಾಡಬಹುದೇ? (ಬಿ.ಎ. ವಿದ್ಯಾರ್ಥಿನಿ)

ಉತ್ತರ: ನಿಮ್ಮ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ. ಮೊದಲು ತಾಯಿಯವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ, ರಕ್ತದೊತ್ತಡ ಮತ್ತು ರಕ್ತಹೀನತೆ ಎರಡನ್ನೂ ಪರೀಕ್ಷಿಸಬೇಕು. ಶೌಚಾಲಯವಿಲ್ಲದ ಸಂತೆಯಲ್ಲಿ ಹೆಂಗಸರು ಬೇಕೆಂದೇ ನೀರು ಕುಡಿಯದೆ ಕೂರುತ್ತಾರೆ, ಬಿಸಿಲು ಅವರನ್ನು ಕೆಡಹುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಸಂತೆಯಲ್ಲಿ ಶುಚಿಯಾದ ಶೌಚಾಲಯ ಕಟ್ಟಿಸುವುದೂ ಬಿಸಿಲಿನಿಂದ ಜನರನ್ನು ಕಾಪಾಡುವ ಕೆಲಸವೇ ಎಂದು ಪುರಸಭೆ ತಿಳಿಯಬೇಕು.

ಅಹಮದಾಬಾದ್ ನಗರ 2010ರ ಬಿಸಿಗಾಳಿಯಲ್ಲಿ ಅಪಾರ ಸಾವು ಕಂಡ ಮೇಲೆ, 2013ರಲ್ಲಿ ಬಿಸಿಲಿಗಾಗಿಯೇ ಒಂದು ಕಾರ್ಯಯೋಜನೆ ಮಾಡಿಕೊಂಡಿತು. ಮುನ್ಸೂಚನೆ ಬಂದ ದಿನ ಯಾರು ಯಾರಿಗೆ ತಿಳಿಸಬೇಕು, ನೀರು ಎಲ್ಲಿಡಬೇಕು, ಆಸ್ಪತ್ರೆ ಹೇಗೆ ಸಿದ್ಧವಿರಬೇಕು ಎಂಬುದೆಲ್ಲ ಅದರಲ್ಲಿದೆ. ಚಿಕ್ಕ ಊರಿಗೆ ಅಷ್ಟು ದೊಡ್ಡ ಕಡತ ಬೇಡ. ಮಾರ್ಚಿಯಿಂದ ಮೇವರೆಗೆ ಸಂತೆಯ ಹೊತ್ತನ್ನು ಬೆಳಗಿನ ಜಾವಕ್ಕೂ ಸಂಜೆಗೂ ಸರಿಸುವುದು, ನಮ್ಮ ಊರುಗಳಲ್ಲಿ ಹಿಂದೆ ದಾರಿಬದಿಗೆ ಇರುತ್ತಿದ್ದ ಅರವಟ್ಟಿಗೆಯನ್ನು ಮತ್ತೆ ಇಟ್ಟು ನೀರು ಮಜ್ಜಿಗೆ ಕೊಡುವುದು, ತಗಡಿನ ಚಾವಣಿಯ ಮಳಿಗೆಗಳಿಗೆ ಬಿಳಿ ಸುಣ್ಣ ಬಳಿಸುವುದು ಈ ಬೇಸಿಗೆಯಲ್ಲೇ ಆಗುವ ಕೆಲಸಗಳು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಒಳಗಿನ ಬಿಸಿ ಎರಡು ಮೂರು ಡಿಗ್ರಿ ಇಳಿಯಬಹುದು. ನೀಲಿ ಪ್ಲಾಸ್ಟಿಕ್ ಟಾರ್ಪಾಲಿನಡಿ ಕೂತರೆ ನೆರಳಿದ್ದರೂ ಸೆಕೆ ಹೆಚ್ಚುತ್ತದೆ, ತೆಂಗಿನ ಗರಿಯ ಚಪ್ಪರ ವಾಸಿ.

ಕೇಳುವ ಹಕ್ಕು ತಾಯಿಯವರಿಗೆ ಕಾನೂನಿನಲ್ಲೇ ಇದೆ. ಬೀದಿ ವ್ಯಾಪಾರಿಗಳ ಕುರಿತ 2014ರ ಕಾಯ್ದೆಯಂತೆ ಪ್ರತಿ ನಗರ ಸ್ಥಳೀಯ ಸಂಸ್ಥೆಯಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇ 40 ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರರಲ್ಲೊಬ್ಬರು ಮಹಿಳೆಯರಾಗಿರಬೇಕು. ನಿಮ್ಮ ಊರಿನ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತೆಂದು ಪುರಸಭೆಯ ಮುಖ್ಯಾಧಿಕಾರಿಗಳಿಗೆ ಬರೆದು ಕೇಳಿರಿ. ಅರ್ಜಿಯನ್ನು ನೀವೇ ಬರೆಯಿರಿ, ಸಹಿಯನ್ನು ಅಮ್ಮ ಮತ್ತು ಅವರ ಪಕ್ಕದಲ್ಲಿ ಕೂರುವವರೆಲ್ಲ ಹಾಕಲಿ, ಸ್ವೀಕೃತಿಯ ಮೊಹರನ್ನು ಮರೆಯದೆ ಪಡೆಯಿರಿ.

ಪ್ರಶ್ನೆ: ಪ್ರತಿ ವರ್ಷ ಜೂನ್ 5ರಂದು ನಮ್ಮ ಸಂಘದಿಂದ ನೂರು ಗಿಡ ನೆಡುತ್ತೇವೆ. ಮುಂದಿನ ಜೂನ್ ಹೊತ್ತಿಗೆ ಹತ್ತೂ ಉಳಿದಿರುವುದಿಲ್ಲ. ತಪ್ಪು ಎಲ್ಲಿ? (ಯುವಕ ಸಂಘದ ಕಾರ್ಯದರ್ಶಿ, ಗುಂಡ್ಲುಪೇಟೆ ತಾಲ್ಲೂಕು)

ಉತ್ತರ: ತಪ್ಪು ದಿನಾಂಕದಲ್ಲಿದೆ. ಮೀನಂಗಾಡಿಯಲ್ಲಿ ಜೂನ್ ಮೊದಲ ವಾರ ಮುಂಗಾರು ಹಿಡಿಯುತ್ತದೆ, ಅಲ್ಲಿಗೆ ಆ ದಿನ ಹೊಂದುತ್ತದೆ. ನಿಮ್ಮ ತಾಲ್ಲೂಕು ಘಟ್ಟದ ಮಳೆನೆರಳಿನಲ್ಲಿದೆ. ಮೇ ತಿಂಗಳಲ್ಲಿ ಒಂದು ಸುತ್ತು ಮಳೆ ಬಂದು, ಜೂನ್ ಜುಲೈಗಳಲ್ಲಿ ಮೋಡ ಮೇಲೆ ಹಾದುಹೋಗಿ ಒಣಗಾಳಿ ಬೀಸಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಳ್ಳೆಯ ಮಳೆ ಬೀಳುತ್ತದೆ. ಜೂನ್ 5ರಂದು ನೆಟ್ಟ ಎಳೆಯ ಸಸಿ ಬೇರೂರುವ ಮೊದಲೇ ಆ ಗಾಳಿಗೆ ಸಿಕ್ಕಿ ಸೊರಗುತ್ತದೆ. ಆ ದಿನ ಭಾಷಣ, ಮೆರವಣಿಗೆ ಇರಲಿ, ಗುಂಡಿಯನ್ನು ಮಾತ್ರ ಮೇ ಮಳೆಯಲ್ಲಿ ಎರಡಡಿ ಆಳ, ಎರಡಡಿ ಅಗಲ ತೋಡಿ, ಕೆರೆಯ ಗೋಡು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ಬಿಡಿ. ಸಸಿಯನ್ನು ಸೆಪ್ಟೆಂಬರಿನ ಮೊದಲ ಹದ ಮಳೆಗೆ ನೆಡಿರಿ. ನೂರರ ಬದಲು ಮೂವತ್ತು ಸಾಕು: ಹೊಂಗೆ, ಬೇವು, ನೇರಳೆ, ರಸ್ತೆ ಅಗಲವಿದ್ದ ಕಡೆ ಅರಳಿ. ಒಂದೊಂದು ಗಿಡಕ್ಕೂ ಎದುರು ಮನೆಯವರ ಹೆಸರು ಬರೆದುಕೊಂಡು, ಜನವರಿಯಿಂದ ಮೇವರೆಗೆ ವಾರಕ್ಕೆರಡು ಕೊಡ ನೀರು ಹಾಕುವ ಮಾತನ್ನು ಅವರಿಂದ ಪಡೆಯಿರಿ. ಮುಳ್ಳಿನ ಬೇಲಿ ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರವಿರಲಿ. ಎರಡನೆಯ ಬೇಸಿಗೆ ದಾಟಿದ ಗಿಡಗಳನ್ನು ಎಣಿಸಿ ನಮಗೆ ಬರೆದು ತಿಳಿಸಿರಿ, ಆ ಸಂಖ್ಯೆಯನ್ನು ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.